ಜಾತ್ರೆಯ ಊರಿನಲ್ಲಿ ಅಂತರ್ಮುಖಿ

ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಜಾತ್ರೆಯ ದಿನಗಳಲ್ಲಿ ಹೋದವನೂ, ಆಷಾಢದ ಜಡಿಮಳೆ ಹಿಡಿದ ಒಂದು ಬೆಳಗ್ಗೆ ಹೋದವನೂ ಊರಿಗೆ ಹಿಂತಿರುಗಿ ತಾವು ಕಂಡದ್ದನ್ನು ವರ್ಣಿಸತೊಡಗಿದರೆ, ಕೇಳುವವರು ಇವರಿಬ್ಬರೂ ಬೇರೆ ಬೇರೆ ಸ್ಥಳಗಳಿಗೆ ಹೋಗಿಬಂದರೆಂದೇ ತಿಳಿದಾರು. ಮೊದಲನೆಯವನ ಚಂದ್ರಗುತ್ತಿಯಲ್ಲಿ ಚೌಡಿಕೆಯ ನಾದವುಂಟು, ಭಂಡಾರದ ಹಳದಿಯುಂಟು, ಹಣ್ಣುಕಾಯಿಯ ಅಂಗಡಿಗಳ ಸಾಲುಂಟು, ‘ಉಧೋ ಉಧೋ’ ಎಂಬ ಸಹಸ್ರ ಕಂಠಗಳ ಘೋಷವುಂಟು. ಎರಡನೆಯವನ ಚಂದ್ರಗುತ್ತಿಯಲ್ಲಿ ಇರುವುದು ಮಂಜು ಮುಸುಕಿದ ಒಂದು ಬೆಟ್ಟ, ಅದರ ಮೇಲೆ ಪಾಳುಬಿದ್ದ ಕೋಟೆ, ಬಂಡೆಯ ಒಡಲಿನಲ್ಲಿ ನೀರು ಜಿನುಗುವ ಸದ್ದು, ಮತ್ತು ಆ ಒಡಲಿನೊಳಗೆ ರೇಣುಕಾಂಬೆಯ ಗುಹೆ. ಪತಿಯ ಆಜ್ಞೆಯನ್ನು ನೆರವೇರಿಸಲು ಕೊಡಲಿ ಹಿಡಿದು ಬಂದ ಮಗನಿಂದ ತಪ್ಪಿಸಿಕೊಂಡು ಓಡಿಬಂದ ರೇಣುಕೆ ಈ ಗುಹೆಯನ್ನು ಹೊಕ್ಕು ಮರೆಯಾದಳೆಂದು ಸ್ಥಳಪುರಾಣ. ಲೋಕದ ಕಣ್ಣಿಗೆ ಬೀಳಲೊಲ್ಲದೆ ಒಳಕ್ಕೆ ಸರಿದ ದೇವತೆಯನ್ನು ಲೋಕವೆಲ್ಲ ನೆರೆದು ಕೂಗಿ ಕರೆಯುವ ಈ ವಿಚಿತ್ರವು ಬಾಲ್ಯದಲ್ಲಿ ನನಗೆ ಹೊಳೆದಿರಲಿಲ್ಲ; ಆಗ ನನ್ನ ಬೇಡಿಕೆಯೆಲ್ಲ ಜಾತ್ರೆಯ ಗದ್ದಲದಿಂದ ಬೇಗ ಮನೆಗೆ ಹೋಗಬೇಕೆಂಬಷ್ಟಕ್ಕೇ ಸೀಮಿತವಾಗಿತ್ತು.

ಅದೇ ಕಾಲದ ಇನ್ನೊಂದು ನೆನಪನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ಭಾಷಣ ಸ್ಪರ್ಧೆಗೆ ಹೆಸರು ಕೊಡಿಸಲ್ಪಟ್ಟವನಾಗಿ, ಒಂದು ವಾರ ಗದ್ದೆಯ ಬದುವಿನ ಮೇಲೆ ನಿಂತು ಬಾಯಿಪಾಠ ಮಾಡಿದವನಾಗಿ, ವೇದಿಕೆಯನ್ನೇರಿ ‘ಮಾನ್ಯ ಅಧ್ಯಕ್ಷರೇ’ ಎಂದ ಮೇಲೆ ಮೂರನೆಯ ಶಬ್ದವೇ ಬಾರದೆ ಇಳಿದು ಬಂದೆ. ಹುಡುಗರು ನಕ್ಕರು, ಅದು ಹುಡುಗರ ಧರ್ಮ. ಆದರೆ ಅಂದು ಸಂಜೆ ಮನೆಯ ಜಗುಲಿಯಲ್ಲಿ ಕುಳಿತ ಹಿರಿಯರೊಬ್ಬರು, ‘ಹುಡುಗ ಬುದ್ಧಿವಂತನೇ ಹೌದು, ಬಾಯಿಲ್ಲವಲ್ಲ, ಏನು ಪ್ರಯೋಜನ’ ಎಂದು ನಿಟ್ಟುಸಿರು ಬಿಟ್ಟರು. ಬುದ್ಧಿಗೂ ಪ್ರಯೋಜನಕ್ಕೂ ನಡುವೆ ಬಾಯಿಯನ್ನು ಸುಂಕದ ಕಟ್ಟೆಯಾಗಿ ನಿಲ್ಲಿಸಿದ ಈ ತರ್ಕ ಅವರೊಬ್ಬರದಲ್ಲ, ನಮ್ಮ ಸಮಾಜದ್ದು. ಅದನ್ನು ಸ್ವಲ್ಪ ಸಾವಧಾನವಾಗಿ ಪರಿಶೀಲಿಸಬೇಕೆಂಬುದು ಈ ಲೇಖನದ ಉದ್ದೇಶ.

ಒಂದು ಜನಾಂಗದ ಒಲವು ನಿಲವುಗಳು ಅದರ ಬೈಗುಳಗಳಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಅದರ ಸುಭಾಷಿತಗಳಲ್ಲಿ ತಿಳಿಯುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆಯೇನೋ ಹೇಳುತ್ತೇವೆ. ತುಂಬಿದ ಕೊಡ ತುಳುಕುವುದಿಲ್ಲ ಎಂದೂ ಹೇಳುತ್ತೇವೆ. ಆದರೆ ಮನೆಗೆ ಬಂದ ನೆಂಟರೆದುರಿಗೆ ಬಾರದೆ ಒಳಮನೆಯಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗನನ್ನು ಕರೆಯುವಾಗ ಈ ಬಂಗಾರದ ನೆನಪು ಯಾರಿಗೂ ಆಗುವುದಿಲ್ಲ. ಅವನು ಮುಖೇಡಿ, ಮೂಕಬಸವ, ಮಂಕ, ಗುಮ್ಮನಗುಸಕ. ವಾಚಾಳಿಗೂ ಬೈಗುಳವಿಲ್ಲದಿಲ್ಲ: ಬಾಯಿಬಡುಕ, ಹರಟೆಮಲ್ಲ ಎನ್ನುತ್ತೇವೆ. ಆದರೆ ಆ ಬೈಗುಳದಲ್ಲಿ ಅರ್ಧ ವಾತ್ಸಲ್ಯವಿರುತ್ತದೆ. ಮೌನಿಯ ಬೈಗುಳದಲ್ಲಿ ಇರುವುದು ಸಂಶಯ. ಮಾತನಾಡದವನು ಒಳಗೆ ಏನನ್ನೋ ಬಚ್ಚಿಟ್ಟಿದ್ದಾನೆ, ಇಲ್ಲವೇ ಒಳಗೆ ಏನೂ ಇಲ್ಲ. ಒಂದು ಪಕ್ಷದಲ್ಲಿ ಅವನು ಕಪಟಿ, ಇನ್ನೊಂದು ಪಕ್ಷದಲ್ಲಿ ದಡ್ಡ. ಮೂರನೆಯ ಪಕ್ಷವೊಂದು ಇರಬಹುದೆಂದು, ಎಂದರೆ ಒಳಗೆ ಇರುವುದು ಇನ್ನೂ ಹಣ್ಣಾಗುತ್ತಿರಬಹುದೆಂದು, ಯಾರೂ ಎಣಿಸುವುದಿಲ್ಲ.

ಇದರಲ್ಲಿಯೂ ಒಂದು ತಾರತಮ್ಯವುಂಟು. ‘ಮಾತು ಕಡಿಮೆ’ ಎಂಬುದು ಹೆಣ್ಣು ನೋಡಲು ಬಂದವರಿಗೆ ಹೇಳುವಾಗ ಗುಣ. ಗಂಡಿನ ವಿಷಯದಲ್ಲಿ ಅದೇ ಮಾತು ದೋಷ. ಆದುದರಿಂದ ನಮ್ಮ ಸಮಾಜವು ಬಹಿರ್ಮುಖತೆಯನ್ನು ಮೆಚ್ಚುತ್ತದೆ ಎಂದರೆ ಸಾಲದು. ಯಾರು ಬಹಿರ್ಮುಖರಾಗಿರಬೇಕು, ಯಾರು ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನೂ ಅದು ಮೊದಲೇ ಗೊತ್ತುಮಾಡಿದೆ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ಶಬ್ದಗಳು ನಮ್ಮ ಯೋಗ ವೇದಾಂತಗಳಿಗೆ ಹಳೆಯವು. ಆದರೆ ಇಂದು ನಾವು ಅವನ್ನು ಬಳಸುವ ಅರ್ಥ ಸ್ವಿಟ್ಸರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯುಂಗನು 1921ರಲ್ಲಿ ಪ್ರಕಟಿಸಿದ, ಮನಸ್ಸಿನ ಪ್ರಭೇದಗಳನ್ನು ಕುರಿತ ಗ್ರಂಥದಿಂದ ಬಂದದ್ದು. ಚಿತ್ತದ ಶಕ್ತಿಯು ಹೊರಗಿನ ವಸ್ತುಗಳ ಕಡೆಗೂ ಜನರ ಕಡೆಗೂ ಸಹಜವಾಗಿ ಹರಿಯುವವನು ಬಹಿರ್ಮುಖಿ. ಒಳಗಿನ ಭಾವನೆ ಆಲೋಚನೆಗಳ ಕಡೆಗೆ ಹರಿಯುವವನು ಅಂತರ್ಮುಖಿ. ಯಾರೊಬ್ಬರೂ ಪೂರ್ಣವಾಗಿ ಇದೇ ಅಥವಾ ಅದೇ ಅಲ್ಲ. ಮುಂದೆ ಇಂಗ್ಲೆಂಡಿನ ಹಾನ್ಸ್ ಐಸೆಂಕನು ಇದಕ್ಕೆ ಶಾರೀರಿಕವಾದ ಕಾರಣವನ್ನು ಹುಡುಕಿ, ಅಂತರ್ಮುಖಿಯ ಮೆದುಳು ಸ್ವಭಾವತಃ ಹೆಚ್ಚು ಎಚ್ಚತ್ತಿರತಕ್ಕದ್ದು, ಆದುದರಿಂದ ಅಲ್ಪ ಪ್ರಚೋದನೆಯೇ ಅದಕ್ಕೆ ಸಾಕಾಗುತ್ತದೆ ಎಂದು ವಾದಿಸಿದನು. ನಾಲಿಗೆಯ ಮೇಲೆ ನಿಂಬೆಯ ರಸದ ಕೆಲವು ಹನಿಗಳನ್ನು ಬಿಟ್ಟಾಗ ಅಂತರ್ಮುಖಿಗಳ ಬಾಯಲ್ಲಿ ಸರಾಸರಿಯಾಗಿ ಹೆಚ್ಚು ನೀರೂರುವುದೆಂಬ ಅವನ ಪ್ರಯೋಗ ಪ್ರಸಿದ್ಧವಾಗಿದೆ. ಮಾತಿನ ವಿಷಯದಲ್ಲಿ ಬಾಯಿ ಒಣಗುವವರಿಗೆ ನಿಂಬೆಯ ವಿಷಯದಲ್ಲಾದರೂ ಈ ಪ್ರತಿಷ್ಠೆ ದೊರೆತದ್ದು ಸಂತೋಷವೇ. ಅಮೆರಿಕದ ಜೆರೋಮ್ ಕೇಗನ್ ನಾಲ್ಕು ತಿಂಗಳ ಹಸುಗೂಸುಗಳೆದುರಿಗೆ ಹೊಸ ಸದ್ದು, ಹೊಸ ವಾಸನೆ, ಹೊಸ ಆಟಿಕೆಗಳನ್ನು ಒಡ್ಡಿ ನೋಡಿದಾಗ, ಐದರಲ್ಲೊಂದು ಪಾಲಿನಷ್ಟು ಮಕ್ಕಳು ಕೈಕಾಲು ಬಡಿದು ಅತ್ತವು. ಆಶ್ಚರ್ಯವೆಂದರೆ, ಬೆಳೆದ ಮೇಲೆ ಹಿಂಜರಿಯುವವರಾಗಿ, ಸಾವಧಾನಿಗಳಾಗಿ ಕಾಣಿಸಿಕೊಂಡವರು ಹೆಚ್ಚಾಗಿ ಈ ಮಕ್ಕಳೇ. ಅಳುವ ಕೂಸು ದುರ್ಬಲವಾದದ್ದಲ್ಲ. ಲೋಕವು ಅದರೊಳಕ್ಕೆ ಹೆಚ್ಚಾಗಿ ನುಗ್ಗುತ್ತಿರುತ್ತದೆ.

ಇಲ್ಲಿ ಒಂದು ಭೇದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸಂಕೋಚವೇ ಬೇರೆ, ಅಂತರ್ಮುಖತೆಯೇ ಬೇರೆ. ಸಂಕೋಚವೆಂಬುದು ಪರರ ತೀರ್ಮಾನಕ್ಕೆ ಅಂಜುವ ವೇದನೆ. ಅಂತರ್ಮುಖತೆಯೆಂಬುದು ಏಕಾಂತದಲ್ಲಿ ಬಲಗೊಳ್ಳುವ ಸ್ವಭಾವ. ವೇದಿಕೆಯ ಮೇಲೆ ನನಗಾದದ್ದು ಸಂಕೋಚದ ಪೆಟ್ಟು. ಜಾತ್ರೆಯಿಂದ ಮನೆಗೆ ಹೋಗಬೇಕೆನಿಸಿದ್ದು ಸ್ವಭಾವದ ಕರೆ. ಎರಡೂ ಒಂದೇ ಮೈಯಲ್ಲಿ ವಾಸಿಸುವುದುಂಟು, ಆದರೆ ಒಂದಕ್ಕೆ ಮದ್ದು ಬೇಕು, ಇನ್ನೊಂದಕ್ಕೆ ಸ್ಥಳ ಬೇಕು.

ಆ ಸ್ಥಳ ಎಂಥದು ಎಂಬುದನ್ನು ತಿಳಿಯಲು ಯೂರೋಪಿಗೆ ಹೋಗಬೇಕಾಗಿಲ್ಲ. ಚಂದ್ರಗುತ್ತಿಯಿಂದ ಪೂರ್ವಕ್ಕೆ ಹೊರಟು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ಮುಟ್ಟಿದರೆ ಸಾಕು. ಹನ್ನೆರಡನೆಯ ಶತಮಾನದ ಬಳ್ಳಿಗಾವಿ ಏಕಾಂತದ ಊರಲ್ಲ. ಬನವಾಸಿ ನಾಡಿನ ರಾಜಧಾನಿ ಅದು. ವ್ಯಾಪಾರಿಗಳು, ಶಿಲ್ಪಿಗಳು, ನರ್ತಕಿಯರು, ಪಂಡಿತರು ತುಂಬಿದ ಪಟ್ಟಣ. ಅಲ್ಲಿಯ ಕೋಡಿಯ ಮಠದಲ್ಲಿ ವೇದಶಾಸ್ತ್ರಗಳ ಪಾಠ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಇವೆಲ್ಲ ನಡೆಯುತ್ತಿದ್ದುದನ್ನು 1162ರ ಶಾಸನ ಸಂಭ್ರಮದಿಂದ ಬಣ್ಣಿಸುತ್ತದೆ. ಇಂಥ ಊರಿನಲ್ಲಿ ದೇವಾಲಯದ ಮದ್ದಳೆಗಾರನಾಗಿದ್ದವನು ಅಲ್ಲಮ. ಮದ್ದಳೆಯೆಂದರೆ ಬಹಿರ್ಮುಖವಾದ್ಯಗಳಲ್ಲಿ ಅಗ್ರಗಣ್ಯವಾದದ್ದು. ಅದನ್ನು ಬಾರಿಸುವವನಿಗೆ ಅಡಗಿಕೊಳ್ಳಲು ಎಡೆಯಿಲ್ಲ. ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳುವಂತೆ, ಪ್ರೀತಿಸಿದ ಕಮಲತೆ ತೀರಿಕೊಂಡ ಮೇಲೆ ಉನ್ಮತ್ತನಂತೆ ಅಲೆಯುತ್ತಿದ್ದ ಅವನು ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆದಕುತ್ತಿರಲು, ಮಣ್ಣಿನಡಿಯಿಂದ ಒಂದು ಕಳಸ ತಲೆಯೆತ್ತಿತು. ಅಗೆಸಿ ನೋಡಿದರೆ ಹೂತುಹೋಗಿದ್ದ ಗುಡಿ. ಬಾಗಿಲನ್ನು ಒದ್ದು ಒಳಹೊಕ್ಕರೆ ಅಲ್ಲಿ ಅಂಗೈಯ ಲಿಂಗದಲ್ಲಿ ಎವೆಯಿಕ್ಕದ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯ. ಮಾತಿಲ್ಲ, ಉಪದೇಶವಿಲ್ಲ, ಕುಶಲಪ್ರಶ್ನೆಯಿಲ್ಲ. ಲಿಂಗವು ಆ ಕೈಯಿಂದ ಈ ಕೈಗೆ ಬಂದಿತು. ಗುರುವಿನ ಪ್ರಾಣ ಹೋಯಿತು. ಲೋಕದ ಗುರುಶಿಷ್ಯ ಕಥೆಗಳಲ್ಲಿ ಇದಕ್ಕಿಂತ ಕಡಿಮೆ ಮಾತಿನ ಪಾಠ ಇನ್ನೊಂದುಂಟೋ ಇಲ್ಲವೋ!

ಆದರೆ ಈ ಕಥೆಯಿಂದ ಅಂತರ್ಮುಖತೆಯೆಂದರೆ ಮೂಕತನವೆಂದು ತಿಳಿದರೆ ಅಲ್ಲಮನಿಗೆ ಅಪಚಾರವಾದೀತು. ಗುಡಿಯಿಂದ ಹೊರಬಿದ್ದವನು ಮೌನಿಯಾಗಲಿಲ್ಲ. ಅವನ ಹೆಸರಿನಲ್ಲಿ ಸಾವಿರಕ್ಕೂ ಮೀರಿದ ವಚನಗಳು ನಮಗೆ ಉಳಿದು ಬಂದಿವೆ. ಅವನು ಗೊಗ್ಗಯ್ಯನ ತೋಟಗಾರಿಕೆಯನ್ನು ಪ್ರಶ್ನಿಸಿದನು, ಸಿದ್ಧರಾಮನ ಕೆರೆದೇಗುಲಗಳ ಕರ್ಮಾಸಕ್ತಿಯನ್ನು ಕೆಣಕಿದನು, ಗೋರಕ್ಷನ ವಜ್ರದೇಹದ ಹೆಮ್ಮೆಯನ್ನು ಮುರಿದನು. ಅಂತರ್ಮುಖಿಯ ಮಾತು ಕಡಿಮೆಯೆಂಬುದಕ್ಕಿಂತ, ಅದು ತಡವಾಗಿ ಬರುವುದೆಂಬುದೇ ಸರಿಯಾದ ವರ್ಣನೆ. ಒಳಗೆ ಪಾಕವಾಗದ ಮಾತನ್ನು ಬಡಿಸಲಾರದ ಒಂದು ಅಸಾಮರ್ಥ್ಯ ಅವನಲ್ಲಿರುತ್ತದೆ, ಆ ಅಸಾಮರ್ಥ್ಯವೇ ಅವನ ಬಲ.

ಅಲ್ಲಮನ ನೆರೆಯೂರಿನವಳು ಉಡುತಡಿಯ ಮಹಾದೇವಿಯಕ್ಕ. ಅರಸನ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು, ಒಬ್ಬಳೇ ಕಲ್ಯಾಣಕ್ಕೆ ನಡೆದು, ಅಲ್ಲಿಂದ ಶ್ರೀಶೈಲದ ಕದಳಿಯ ಏಕಾಂತಕ್ಕೆ ಸೇರಿದವಳು. ಕಲ್ಯಾಣದ ಸಭೆಯಲ್ಲಿ ಅಲ್ಲಮನು ಅವಳನ್ನು ಕಠೋರವಾಗಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಇಬ್ಬರು ಅಂತರ್ಮುಖಿಗಳು ಎದುರಾದಾಗ ನಡೆಯುವ ಸಂಭಾಷಣೆಗೆ ಅದಕ್ಕಿಂತ ದೊಡ್ಡ ನಿದರ್ಶನ ಕನ್ನಡದಲ್ಲಿಲ್ಲ. ಪೀಠಿಕೆಯಿಲ್ಲ, ಉಪಚಾರವಿಲ್ಲ, ನೇರವಾಗಿ ಬುಡಕ್ಕೇ ಕೈ. ಅದೇ ಗ್ರಂಥದಲ್ಲಿ ಬರುವ ಲಕ್ಕುಂಡಿಯ ಅಜಗಣ್ಣನಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಲಿಂಗವನ್ನು ಬಾಯೊಳಗೆ ಇಟ್ಟುಕೊಂಡು ತನ್ನ ಭಕ್ತಿಯನ್ನು ಮನೆಯವರಿಗೂ ತೋರಗೊಡದೆ ಬಾಳಿದವನು. ಅವನು ಎಂಥವನೆಂಬುದು ತಂಗಿ ಮುಕ್ತಾಯಕ್ಕನಿಗೆ ತಿಳಿದದ್ದು ಅವನು ತೀರಿಕೊಂಡಾಗ. ಆಕೆಯ ಶೋಕದಲ್ಲಿ ಅಣ್ಣನನ್ನು ಕಳೆದುಕೊಂಡ ದುಃಖದ ಜೊತೆಗೆ ಅಣ್ಣನನ್ನು ಎಂದೂ ಕಂಡಿರಲೇ ಇಲ್ಲವೆಂಬ ದುಃಖವೂ ಬೆರೆತಿದೆಯೆಂದು ನನಗೆ ತೋರುತ್ತದೆ. ಅಂತರ್ಮುಖಿಯ ಸಂಸಾರದಲ್ಲಿ ಬಾಳುವವರಿಗೆ ಈ ದುಃಖದ ಸಣ್ಣ ಸಣ್ಣ ಪಾಲುಗಳು ನಿತ್ಯವೂ ದೊರೆಯುತ್ತವೆ. ಅಂತರ್ಮುಖಿಗಳನ್ನು ಹೊಗಳಹೊರಟವರು ಇದನ್ನು ಮರೆಮಾಚಬಾರದು.

ಇನ್ನು ಈ ಸಮಸ್ತ ಕಥೆಯ ಕೀಲು ಎಲ್ಲಿದೆಯೆಂದರೆ, ನನ್ನ ಮಟ್ಟಿಗೆ, ಅಲ್ಲಮನಲ್ಲಲ್ಲ, ಬಸವಣ್ಣನಲ್ಲಿ. ಬಿಜ್ಜಳನ ಭಂಡಾರಿ, ಮಹಾಮನೆಯ ಯಜಮಾನ, ಬಂದವರನ್ನೆಲ್ಲ ಇವನು ನಮ್ಮವನೆಂದು ಬಾಚಿ ತಬ್ಬಿಕೊಂಡ ಬಸವಣ್ಣ ಎಲ್ಲ ಅರ್ಥದಲ್ಲಿಯೂ ಜನರ ನಡುವಿನ ಮನುಷ್ಯ. ಅಂಥವನು ಕಲ್ಯಾಣದಲ್ಲಿ ಶೂನ್ಯಸಿಂಹಾಸನವನ್ನು ಸಿದ್ಧಗೊಳಿಸಿ, ತಾನು ಅದರ ಮೇಲೆ ಕೂರದೆ, ಊರೂರು ಅಲೆಯುವ ಒಬ್ಬ ನಿಷ್ಠುರ ವಿರಕ್ತನ ಬರವನ್ನು ಕಾದನು. ಸಭೆಯನ್ನು ಕೂಡಿಸುವ ಶಕ್ತಿ ಒಬ್ಬನದು. ಆ ಸಭೆ ಯಾವ ಪ್ರಶ್ನೆಯನ್ನು ಕೇಳಬೇಕೆಂದು ಕಾಣುವ ಶಕ್ತಿ ಇನ್ನೊಬ್ಬನದು. ಅಂತರ್ಮುಖಿಗಳ ಬಲವನ್ನು ಕುರಿತು ಈಚೆಗೆ ಬಂದಿರುವ ಬರವಣಿಗೆಯಲ್ಲಿ, 2012ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾದ ಸೂಸನ್ ಕೇನ್ ಅವರ ಪುಸ್ತಕವನ್ನೂ ಸೇರಿಸಿ, ಒಳಗಿನವನು ತನ್ನ ಶಕ್ತಿಯನ್ನು ತಾನು ಅರಿತುಕೊಳ್ಳಬೇಕೆಂಬ ಉಪದೇಶಕ್ಕೆ ದೊರೆತ ವಿಸ್ತಾರ, ಹೊರಗಿನವನು ಪೀಠವನ್ನು ತೆರವುಮಾಡಬೇಕೆಂಬ ವಿಚಾರಕ್ಕೆ ದೊರೆತಿಲ್ಲ. ಬಸವಣ್ಣನಿಲ್ಲದ ಊರಿನಲ್ಲಿ ಅಲ್ಲಮನು ತನ್ನ ಶಕ್ತಿಯನ್ನು ಎಷ್ಟು ಅರಿತುಕೊಂಡರೂ ಅವನು ದಾರಿಹೋಕನೇ.

ಗುಂಪಿಗೆ ಒಳಗಿನವನು ಏಕೆ ಬೇಕೆಂಬ ಪ್ರಶ್ನೆಗೆ ಚಂದ್ರಗುತ್ತಿಯೇ ಒಂದು ಕಹಿಯಾದ ಉತ್ತರವನ್ನು ಕೊಟ್ಟಿದೆ. ವರದಾ ನದಿಯಲ್ಲಿ ಮಿಂದು ಬತ್ತಲೆಯಾಗಿ ಗುಡಿಯವರೆಗೆ ಬರುವ ಹರಕೆ, ‘ಬೆತ್ತಲೆ ಸೇವೆ’, ಇಲ್ಲಿ ಬಹುಕಾಲದಿಂದ ನಡೆದುಬಂದಿತ್ತು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಬಂದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ತಿರುಗಿಬಿದ್ದು, ಮಹಿಳಾ ಪೊಲೀಸರೆಂಬುದನ್ನೂ ನೋಡದೆ ಬಟ್ಟೆ ಕಿತ್ತು ಅವಮಾನಪಡಿಸಿತು. ಆ ಬಳಿಕ ಸರ್ಕಾರ ಸೇವೆಯನ್ನು ನಿಷೇಧಿಸಿತು. ಬಟ್ಟೆಯಿಲ್ಲದೆ ನಡೆದ ಅಕ್ಕನ ಉಡುತಡಿಗೂ ಚಂದ್ರಗುತ್ತಿಗೂ ದೂರ ಹೆಚ್ಚಿಲ್ಲ; ಆದರೆ ಒಬ್ಬಳು ಲೋಕದ ಕಣ್ಣನ್ನು ಧಿಕ್ಕರಿಸಿ ತಾನೇ ಕೈಗೊಂಡ ನಿರ್ಧಾರಕ್ಕೂ, ಮನೆತನದ ಹರಕೆಗೆ ಕಟ್ಟುಬಿದ್ದು ಗುಂಪಿನೊಡನೆ ಸಾಗುವ ಬತ್ತಲೆಗೂ ನಡುವಿನ ಅಂತರವನ್ನು ಗಾವುದದಿಂದ ಅಳೆಯಲಾಗದು. ಆ ದಿನ ಗುಂಪಿನಲ್ಲಿದ್ದವರೆಲ್ಲ ದುಷ್ಟರೆಂದು ನಾನು ನಂಬಲಾರೆ. ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದ ಆರಂಭದಲ್ಲಿ ನಡೆಸಿದ ಪರೀಕ್ಷೆಗಳಲ್ಲಿ, ಯಾವ ಗೆರೆ ಯಾವುದಕ್ಕೆ ಸಮವೆಂಬ ಕೂಸಿಗೂ ತಿಳಿಯುವ ಪ್ರಶ್ನೆಗೆ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೊಳಗಾದವರು ಸುಮಾರು ಮೂರರಲ್ಲೊಂದು ಬಾರಿ ಕಣ್ಣಾರೆ ಕಂಡದ್ದನ್ನು ಬಿಟ್ಟು ಗುಂಪಿನ ತಪ್ಪನ್ನೇ ಒಪ್ಪಿದರು. ಆದರೆ ಆ ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಹೇಳಿಬಿಟ್ಟರೆ ಈ ಶರಣಾಗತಿ ಬಹುಮಟ್ಟಿಗೆ ಕುಸಿಯುತ್ತಿತ್ತು. ಒಬ್ಬಂಟಿತನವನ್ನು ಸಹಿಸಬಲ್ಲವನು ಗುಂಪಿನಲ್ಲಿ ಒಬ್ಬನಾದರೂ ಇರಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ಲೆಕ್ಕವನ್ನು ನಾನರಿಯೆ.

ಇದೇ ಲೆಕ್ಕ ಕಛೇರಿಗಳ ಸಭೆಗೂ ಸಲ್ಲುತ್ತದೆ. ಹತ್ತು ಜನ ಕೂಡಿ ತೋಚಿದ್ದನ್ನು ತೋಚಿದಂತೆ ಹೇಳುತ್ತ ಹೋದರೆ ಹೊಸ ವಿಚಾರಗಳು ಉಕ್ಕುವುವೆಂದು ಅಮೆರಿಕದ ಜಾಹೀರಾತುಗಾರ ಅಲೆಕ್ಸ್ ಆಸ್ಬರ್ನ್ ಪ್ರಚಾರಮಾಡಿದ ಪದ್ಧತಿಯನ್ನು 1963ರಲ್ಲಿ ಮಾರ್ವಿನ್ ಡನೆಟ್ ಎಂಬವರು ವಿಜ್ಞಾನಿಗಳ ಮೇಲೂ ಜಾಹೀರಾತು ನೌಕರರ ಮೇಲೂ ಪರೀಕ್ಷಿಸಿ ನೋಡಿದರು. ಬಿಡಿಬಿಡಿಯಾಗಿ ಕುಳಿತು ಆಲೋಚಿಸಿದವರ ವಿಚಾರಗಳೇ ಸಂಖ್ಯೆಯಲ್ಲಿ ಹೆಚ್ಚಾದುವು; ಗುಣದಲ್ಲಿಯೂ ಕಡಿಮೆಯಾಗಲಿಲ್ಲ. ಮಾತನ್ನೇ ಕಸುಬಾಗಿಸಿಕೊಂಡ ಜಾಹೀರಾತಿನವರಿಗೂ ಏಕಾಂತವೇ ಲೇಸಾಯಿತೆಂಬುದು ಇದರಲ್ಲಿ ಸ್ವಾರಸ್ಯವಾದ ಅಂಶ. ಇಷ್ಟಾದರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೆಲಸ ಕೊಡಲು ಬರುವ ಕಂಪನಿಗಳು ಗ್ರೂಪ್ ಡಿಸ್ಕಷನ್ ಎಂಬ ಹೆಸರಿನಲ್ಲಿ ಎಂಟು ಹತ್ತು ಹುಡುಗರನ್ನು ಮೇಜಿನ ಸುತ್ತ ಕೂರಿಸಿ ಯಾರು ಯಾರ ಮಾತನ್ನು ತುಂಡರಿಸುವರೆಂದು ನೋಡುವುದನ್ನು ಬಿಟ್ಟಿಲ್ಲ. ಸೊರಬದಿಂದಲೋ ಶಿಕಾರಿಪುರದಿಂದಲೋ ಹೋದ ಹುಡುಗನಿಗೆ ಇಂಗ್ಲಿಷಿನ ತೊಡಕು ಒಂದು, ಸ್ವಭಾವದ ತೊಡಕು ಇನ್ನೊಂದು. ನೋಡುವವರಿಗೆ ಎರಡೂ ಒಂದೇ ದಡ್ಡತನವಾಗಿ ಕಾಣುತ್ತವೆ.

ಸಾಹಿತ್ಯದಲ್ಲಿ ಈ ಎರಡು ಸ್ವಭಾವಗಳೂ ಶಿಖರವನ್ನು ಮುಟ್ಟಿದ್ದನ್ನು ಕಂಡ ಭಾಗ್ಯ ಕನ್ನಡಿಗರದು. ಬೇಂದ್ರೆಯವರು ಗೆಳೆಯರ ಗುಂಪನ್ನು ಕಟ್ಟಿಕೊಂಡು, ಸಾಧನಕೇರಿಯ ಮನೆಯಲ್ಲಿಯೂ ನಾಡಿನ ವೇದಿಕೆಗಳಲ್ಲಿಯೂ ಮಾತನ್ನೇ ನಾದಲೀಲೆಯಾಗಿಸಿದವರು. ಸಭೆ ದೊಡ್ಡದಾದಷ್ಟೂ ಅವರ ಪ್ರತಿಭೆ ಅರಳುತ್ತಿತ್ತು. ನಮ್ಮ ಜಿಲ್ಲೆಯ ಕುಪ್ಪಳಿಯ ಕುವೆಂಪು ಇದಕ್ಕೆ ವಿರುದ್ಧವಾದ ಪ್ರಕೃತಿ. ಕವಿಶೈಲದ ಬಂಡೆಯ ಮೇಲೆ ಸಂಜೆಗಳನ್ನು ಕಳೆದ ಆ ಮಲೆನಾಡಿನ ಹುಡುಗನಿಗೆ ಸಭೆಯ ಗದ್ದಲ ಎಂದೂ ಹಿತವಾಗಲಿಲ್ಲ. ಒಂಬತ್ತು ವರ್ಷಗಳಷ್ಟು ಕಾಲ ಒಂದೇ ಮಹಾಕಾವ್ಯವನ್ನು ಹೊತ್ತು ನಡೆಯಲು ಬೇಕಾದ ದಮ್ಮು ಸಭೆಗಳಲ್ಲಿ ಸಂಪಾದಿಸಬಹುದಾದುದಲ್ಲ. ಆದರೂ ಅದೇ ವ್ಯಕ್ತಿ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಕನ್ನಡ ಮಾಧ್ಯಮಕ್ಕಾಗಿ ಜಗ್ಗದೆ ನಿಂತು, ಮಾನಸಗಂಗೋತ್ರಿಯನ್ನು ರೂಪಿಸಿದರು. ಅಂತರ್ಮುಖಿಗೆ ಆಡಳಿತ ಒಗ್ಗದೆಂಬುದು ಸುಳ್ಳು. ಅವನಿಗೆ ಒಗ್ಗದಿರುವುದು ಆಡಳಿತದ ಸುತ್ತಲಿನ ಸಮಾರಂಭ. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರಾದರೋ ಮೈಸೂರನ್ನೇ ಬಿಟ್ಟು ಮೂಡಿಗೆರೆಯ ಕಾಫಿತೋಟಕ್ಕೆ ಸೇರಿ, ಗಾಳ ಹಾಕಿ ಮೀನಿಗೆ ಕಾಯುವ, ಕ್ಯಾಮೆರಾ ಹಿಡಿದು ಹಕ್ಕಿಗೆ ಕಾಯುವ ವಿದ್ಯೆಯನ್ನೇ ಗದ್ಯದ ಶೈಲಿಯನ್ನಾಗಿಸಿದರು. ಹಿಂದಿನ ತಲೆಮಾರಿನಲ್ಲಿ, ಇಂದಿಗೂ ಲೋಕದ ವಿದ್ಯಾಲಯಗಳಲ್ಲಿ ಪಾಠವಾಗುತ್ತಿರುವ 1932ರ ಭಾರತೀಯ ದರ್ಶನಗಳ ಗ್ರಂಥವನ್ನು ಬರೆದ ಮೈಸೂರಿನ ಎಂ. ಹಿರಿಯಣ್ಣನವರು ಮಿತಭಾಷೆಗೆ ಹೆಸರಾದವರು. ಆ ಮಿತಭಾಷೆಯನ್ನು ಅವರ ವಾಕ್ಯಗಳಲ್ಲಿಯೇ ಕಾಣಬಹುದು, ಒಂದು ಪದವನ್ನು ತೆಗೆದರೆ ಕಟ್ಟಡ ಅಲುಗುತ್ತದೆ.

ಗಾಂಧೀಜಿಯ ದೃಷ್ಟಾಂತವನ್ನು ಎಲ್ಲರೂ ಕೊಡುತ್ತಾರೆ, ನಾನೂ ಬಿಡಲಾರೆ. ಮುಂಬಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದುನಿಂತ ಬ್ಯಾರಿಸ್ಟರರು ತಲೆ ತಿರುಗಿ, ಒಂದು ಪ್ರಶ್ನೆಯೂ ತೋಚದೆ, 30 ರೂಪಾಯಿಯ ಫೀಜನ್ನು ಹಿಂದಿರುಗಿಸಿ ಹೊರಬಿದ್ದರು. ‘ಮಾನ್ಯ ಅಧ್ಯಕ್ಷರೇ’ ಎಂದು ಇಳಿದುಬಂದ ನನ್ನಂಥವರಿಗೆ ಈ ಪ್ರಸಂಗ ಎಷ್ಟು ಸಮಾಧಾನಕರವೆಂಬುದನ್ನು ಹೇಳಬೇಕಾಗಿಲ್ಲ. ಮುಂದೆ ಅವರು ತಮ್ಮ ಆತ್ಮಕಥೆಯಲ್ಲಿ, ಈ ಸಂಕೋಚವೇ ತಮಗೆ ಮಾತಿನಲ್ಲಿ ಮಿತವ್ಯಯವನ್ನು ಕಲಿಸಿತೆಂದು ಕೃತಜ್ಞತೆಯಿಂದ ನೆನೆದಿದ್ದಾರೆ. ಸೋಮವಾರದ ಮೌನವನ್ನಂತೂ ವೈಸರಾಯಿಗಾಗಿಯೂ ಅವರು ಸುಲಭವಾಗಿ ಬಿಟ್ಟುಕೊಡಲಿಲ್ಲ.

ದೊಡ್ಡವರ ಮಾತು ಹಾಗಿರಲಿ; ನಮ್ಮ ಸೀಮೆಯಲ್ಲಿ ಅಂತರ್ಮುಖಿಗೆ ಹಿಂದೆ ದೊರೆಯುತ್ತಿದ್ದ ಗೌರವ ಬಹುಮಟ್ಟಿಗೆ ಕಸುಬಿನ ಮೂಲಕ ಬಂದದ್ದು. ಸೊರಬ ಸಾಗರಗಳ ಗುಡಿಗಾರರು ಗಂಧದ ಕೊರಡಿನ ಮೇಲೆ ಬಳ್ಳಿ, ಹೂವು, ದೇವತೆಗಳನ್ನು ಕಡೆಯುವಾಗ ಉಳಿಯ ತುದಿ ಒಂದು ಕೂದಲಿನಷ್ಟು ಜಾರಿದರೂ ತಿಂಗಳ ಶ್ರಮ ಹಾಳು. ಅಲ್ಲಿ ಮಾತುಗಾರನಿಗೆ ಮರ್ಯಾದೆಯಿಲ್ಲ. ದೀವರ ಮನೆಗಳ ಹೆಂಗಸರು ಭೂಮಿ ಹುಣ್ಣಿಮೆಯ ಬುಟ್ಟಿಗೂ ಮದುವೆಯ ಮನೆಯ ಗೋಡೆಗೂ ಕೆಮ್ಮಣ್ಣು ಬಳಿದು, ಅಕ್ಕಿಯ ಹಿಟ್ಟನ್ನು ಪುಂಡಿನಾರಿನ ಕುಂಚದಲ್ಲಿ ಅದ್ದಿ, ಎಳೆಯ ಮೇಲೆ ಎಳೆ ಹಾಯಿಸಿ ಚಿತ್ತಾರ ಬರೆಯುವುದನ್ನು ನೋಡಿದವರಿಗೆ, ಗಮನವೆಂಬುದು ಎಂಥ ಸಂಪತ್ತೆಂಬುದು ತಿಳಿಯುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ನೆನೆಯಿರಿ. ಓದಲೆಂದು ಕಂಚಿಗೆ ಹೋಗಿ ಅವಮಾನಿತನಾಗಿ ಕತ್ತಿ ಹಿಡಿದ ಮಯೂರಶರ್ಮನ ಕಥೆ ನಾಡಿಗೆಲ್ಲ ಗೊತ್ತು. ಆದರೆ ಅದು ಗೊತ್ತಿರುವುದು ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಕುಳಿತು ಕಲ್ಲಿನ ಮೇಲೆ ಬರೆದುದರಿಂದ. ಕತ್ತಿಯ ಸದ್ದು ಅಡಗಿ ಹದಿನಾರು ಶತಮಾನವಾಯಿತು. ಒಬ್ಬನೇ ಕುಳಿತು ಮಾಡುವ ಇಂಥ ಸಾಧನೆಯ ಬೆಲೆಗೆ ಈಚಿನ ಸಂಶೋಧನೆಯ ಸಾಕ್ಷಿಯೂ ಉಂಟು: 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ದಿನಚರಿಯನ್ನು ಹೋಲಿಸಿದಾಗ, ಉತ್ತಮರೆನಿಸಿದವರು ಒಬ್ಬರೇ ಕುಳಿತು ವಾರಕ್ಕೆ ಸುಮಾರು 24 ಗಂಟೆ ಸಾಧನೆ ಮಾಡುತ್ತಿದ್ದರೆ, ಉಳಿದವರ ಸಾಧನೆ 9 ಗಂಟೆಯಷ್ಟಿತ್ತು. ಗುಡಿಗಾರನಿಗೆ ಈ ಸಂಶೋಧನೆಯನ್ನು ಓದಿಹೇಳಿದರೆ ಅವನು ತಲೆಯೆತ್ತಿ ನೋಡುವನೆಂಬ ನಂಬಿಕೆ ನನಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎದುರುಪಕ್ಷಕ್ಕೂ ನ್ಯಾಯ ಸಲ್ಲಬೇಕು. ಬಹಿರ್ಮುಖಿಗಳು ಸರಾಸರಿಯಲ್ಲಿ ಹೆಚ್ಚು ಸಂತೋಷವಾಗಿರುವುದಾಗಿ ಹೇಳಿಕೊಳ್ಳುತ್ತಾರೆಂಬುದು ಅನೇಕ ಅಧ್ಯಯನಗಳ ಫಲಿತಾಂಶ. 2002ರಲ್ಲಿ ವಿಲಿಯಂ ಫ್ಲೀಸನ್ ಮತ್ತು ಸಂಗಡಿಗರು ತೋರಿಸಿದಂತೆ, ಸ್ವಲ್ಪ ಹೊತ್ತು ಬಹಿರ್ಮುಖಿಯಂತೆ ವರ್ತಿಸಿದ ಅಂತರ್ಮುಖಿಗೂ ಆ ಹೊತ್ತಿಗೆ ಉಲ್ಲಾಸ ಹೆಚ್ಚುತ್ತದೆ. ನಾಯಕನಾಗಿ ಆರಿಸಿಬರುವುದರಲ್ಲಿಯೂ ಬಹಿರ್ಮುಖಿಯದೇ ಮೇಲುಗೈ. ಬಂಗಾರಪ್ಪನವರ ಕುಬಟೂರೂ ಯಡಿಯೂರಪ್ಪನವರ ಶಿಕಾರಿಪುರವೂ ಇರುವ ಸೀಮೆಯಲ್ಲಿ ಇದನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಆದರೆ ಆರಿಸಿಬರುವುದೂ ಆರಿಸಿಬಂದು ಸಾಧಿಸುವುದೂ ಒಂದೇ ಅಲ್ಲ. ಅಮೆರಿಕದ ಒಂದು ಪೀಟ್ಸಾ ಅಂಗಡಿಗಳ ಸಮೂಹವನ್ನು ಆಡಂ ಗ್ರಾಂಟ್ ಮತ್ತು ಸಂಗಡಿಗರು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಹೇಳಿದ್ದನ್ನಷ್ಟೇ ಮಾಡುವ ನೌಕರರಿರುವಲ್ಲಿ ಬಹಿರ್ಮುಖಿ ಯಜಮಾನನಿಗೆ ಲಾಭ ಹೆಚ್ಚು. ತಾವಾಗಿಯೇ ಮುಂದೆ ಬಂದು ಸಲಹೆ ಕೊಡುವ ನೌಕರರಿರುವಲ್ಲಿ ಅಂತರ್ಮುಖಿಗೆ. ಕಾರಣ ಸರಳ: ಎರಡನೆಯವನು ಕೇಳಿಸಿಕೊಳ್ಳುತ್ತಾನೆ.

ಇನ್ನು ಮೊದಲು ಬಿಟ್ಟ ಎಳೆಯನ್ನು ಹಿಡಿಯಬೇಕು. ಮೌನವಾಗಿರುವವರೆಲ್ಲ ಅಂತರ್ಮುಖಿಗಳಲ್ಲ. ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ತಲೆತಲಾಂತರದಿಂದ ಒಡೆಯರ ಕೊಳಗದ ಅಳತೆಗೆ ಬಾಯಿ ತೆರೆಯದೆ ಬತ್ತ ಅಳೆದುಕೊಟ್ಟರು. ಅದು ಸ್ವಭಾವವಲ್ಲ, ಭಯ. 1951ರಲ್ಲಿ ಅವರು ಸತ್ಯಾಗ್ರಹಕ್ಕೆ ಇಳಿದಾಗ ಆ ಮೌನ ಎಷ್ಟು ಕೃತಕವಾದದ್ದೆಂಬುದು ಗೊತ್ತಾಯಿತು. ಮಾತು ಕಡಿಮೆಯೆಂದು ಹೊಗಳಿಸಿಕೊಂಡು ಮದುವೆಯಾಗಿ ಹೋದ ಎಷ್ಟು ಹೆಣ್ಣುಮಕ್ಕಳು ಸ್ವಭಾವತಃ ವಾಗ್ಮಿಗಳಾಗಿದ್ದರೋ! ಏಕಾಂತವು ಬಲವಾಗುವುದು ಅದನ್ನು ತಾನು ಆರಿಸಿಕೊಂಡಾಗ. ಹೇರಿದ ಏಕಾಂತಕ್ಕೆ ಸೆರೆಯೆಂದು ಹೆಸರು. ಅಂತರ್ಮುಖಿಯ ಹೊಗಳಿಕೆಯನ್ನು ಬಾಯಿ ಮುಚ್ಚಿಸುವವರ ಕೈಗೆ ಆಯುಧವಾಗಿ ಕೊಡುವುದಾದರೆ ಈ ಲೇಖನವನ್ನು ಬರೆಯದಿರುವುದೇ ಲೇಸು.

ಸದ್ದು ಮಾಡದೆ ಒಳಗೇ ಬಲವನ್ನು ಇಟ್ಟುಕೊಂಡದ್ದನ್ನು ಕಡೆಗಣಿಸುವುದು ಮನುಷ್ಯರಿಗಷ್ಟೇ ಸೀಮಿತವಲ್ಲ; ಸೊರಬದ ಕಾನುಗಳೆಂಬ ಕಾಡುಗಳ ವಿಷಯದಲ್ಲಿಯೂ ಇಂಥದೊಂದು ಅವಗಣನೆ ನಡೆದಿದೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಈ ತಾಲ್ಲೂಕಿನಲ್ಲಿ 171 ಕಾನುಗಳನ್ನು ಲೆಕ್ಕಹಾಕಿದರು. ಒಟ್ಟು ವಿಸ್ತೀರ್ಣ ಸುಮಾರು 13 ಸಾವಿರ ಹೆಕ್ಟೇರ್. ಹಳ್ಳಿಯವರು ಅವುಗಳಲ್ಲಿ ಕಾಳುಮೆಣಸನ್ನು ಬಿಡಿಸುತ್ತಿದ್ದರು, ಬೈನೆಯ ಮರದಿಂದ ಕಳ್ಳಿಳಿಸುತ್ತಿದ್ದರು, ದೇವರನ್ನು ನಂಬುತ್ತಿದ್ದರು. ನಾಟಾ ದೊರೆಯದ, ಬೆಳೆ ಕಾಣದ ಈ ಕತ್ತಲ ಕಾಡುಗಳನ್ನು ಕಂದಾಯದ ಕಣ್ಣಿನಿಂದ ನೋಡಿದವರಿಗೆ ಮಾತ್ರ ಅವು ನಿಷ್ಪ್ರಯೋಜಕವಾಗಿ ತೋರಿದುವು. ಕಾನು ಕಡಿದ ಮೇಲೆ ಕೆಳಗಿನ ಗದ್ದೆಯ ಊಟೆ ಬತ್ತಿದಾಗಲೇ ನೀರು ಎಲ್ಲಿಂದ ಬರುತ್ತಿತ್ತೆಂದು ತಿಳಿದದ್ದು.

ಭಾಷಣ ಸ್ಪರ್ಧೆಯ ಕಥೆಗೆ ಒಂದು ಉತ್ತರಾರ್ಧವುಂಟು. ನಾನು ಇಳಿದುಬಂದ ಮರುದಿನ ನಮ್ಮ ಕನ್ನಡದ ಮೇಷ್ಟರು ನನ್ನನ್ನು ಕರೆದು ಏನೂ ವಿಚಾರಿಸದೆ, ರೂಲು ಹಾಕಿದ ನಾಲ್ಕು ಹಾಳೆಗಳನ್ನು ಕೊಟ್ಟು, ‘ನಿನಗೆ ಹೇಳಬೇಕಾಗಿದ್ದುದನ್ನು ಬರೆದು ತಾ, ಅವಸರವಿಲ್ಲ’ ಎಂದರು. ಅವರು ದೊಡ್ಡ ದನಿಯ ಮನುಷ್ಯರು. ಗಣಪತಿ ಹಬ್ಬದ ತಾಳಮದ್ದಳೆಯಲ್ಲಿ ಅವರ ಅರ್ಥ ಕೇಳಲು ಪಕ್ಕದ ಊರಿನವರು ಬರುತ್ತಿದ್ದರು. ನಾನು ಬರೆದು ಕೊಡಲು ಹದಿನೈದು ದಿನ ಹಿಡಿಯಿತು. ಒಂದು ಸೋಮವಾರ, ಪ್ರಾರ್ಥನೆ ಮುಗಿದ ಮೇಲೆ, ಅವರು ಆ ಹಾಳೆಗಳನ್ನು ಜೇಬಿನಿಂದ ತೆಗೆದು, ಯಾರದೆಂದು ಹೇಳದೆ, ತಮ್ಮ ಆ ದೊಡ್ಡ ದನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದರು. ಹುಡುಗರು ಗಲಾಟೆ ಮಾಡದೆ ಕೇಳಿದರು. ನಾನು ಹಿಂದಿನ ಸಾಲಿನಲ್ಲಿ ನಿಂತು ಚಂದ್ರಗುತ್ತಿಯ ಬೆಟ್ಟದ ಕಡೆ ನೋಡುತ್ತಿದ್ದೆ.